ಹೊರಮಗುಚಿದ ರೆಪ್ಪೆ: ವಯಸ್ಸಿನದೋ, ಗಾಯದ ಕಲೆಯದೋ?

ತೀರ್ಥಹಳ್ಳಿ ಕಡೆಯ ಐವತ್ತು ದಾಟಿದ ಮಹಿಳೆಯೊಬ್ಬರು ಸೆರಗಿನ ಅಂಚಿನಿಂದ ಬಲಗಣ್ಣು ಒರೆಸಿಕೊಳ್ಳುತ್ತಲೇ ಒಳಗೆ ಬಂದರು. ಕೆಳರೆಪ್ಪೆ ಹೊರಕ್ಕೆ ಮಗುಚಿ, ಒಳಗಿನ ಕೆಂಪು ಪೊರೆ ದೂರದಿಂದಲೇ ಕಾಣುತ್ತಿತ್ತು. ಅವರು ತಂದಿದ್ದ ಚೀಟಿಯಲ್ಲಿ ‘ವಯೋಸಹಜ ಎಕ್ಟ್ರೋಪಿಯನ್’, ಅಂದರೆ ವಯಸ್ಸಿನಿಂದ ರೆಪ್ಪೆ ಹೊರಮಗುಚಿದ್ದು, ಎಂದು ಬರೆದಿತ್ತು. ಕೆನ್ನೆಯ ಮೇಲಿನ ಬಿಳಿಚಿದ, ಬಿಗಿದ ಕಲೆಯ ಬಗ್ಗೆ ಕೇಳಿದಾಗ, “ಹೋದ ವರ್ಷ ಅಡಿಕೆ ಬೇಯಿಸೋವಾಗ ಹಂಡೆಯಿಂದ ಚೊಗರು ಸಿಡೀತು ಡಾಕ್ಟ್ರೇ, ಅದು ವಾಸಿಯಾಯ್ತಲ್ಲ” ಎಂದರು. ಗಾಯ ವಾಸಿಯಾಗಿತ್ತು, ನಿಜ. ಆದರೆ ಮಾಗುತ್ತ ಮಾಗುತ್ತ ಚರ್ಮ ಕುಗ್ಗಿ, ರೆಪ್ಪೆಯನ್ನು ಕೆಳಕ್ಕೆಳೆದಿತ್ತು.

ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿ ಯಂತ್ರ ಬೇಕಿಲ್ಲ. ಮೇಲೆ ನೋಡುತ್ತ ಬಾಯಿಯನ್ನು ಅಗಲವಾಗಿ ತೆರೆಯುವಂತೆ ಹೇಳಿದೆ. ಕೆನ್ನೆಯ ಚರ್ಮ ಬಿಗಿದೊಡನೆ ರೆಪ್ಪೆ ಇನ್ನಷ್ಟು ಮಗುಚಿತು. ಬೆರಳಿನಿಂದ ಮೇಲಕ್ಕೆ ತಳ್ಳಿದರೂ ಅದು ತನ್ನ ಸಹಜ ಎತ್ತರವನ್ನು ಮುಟ್ಟಲಿಲ್ಲ. ಕೇವಲ ವಯಸ್ಸಿನಿಂದ ಸಡಿಲವಾದ ರೆಪ್ಪೆ ಹೀಗೆ ಹಟ ಹಿಡಿಯುವುದಿಲ್ಲ, ತಳ್ಳಿದರೆ ಸಲೀಸಾಗಿ ಏರುತ್ತದೆ. ಬಳಿಕ ಫ್ಲೋರೆಸೀನ್ ಬಣ್ಣ ಹಾಕಿ ನೋಡಿದಾಗ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ) ಕೆಳಭಾಗದಲ್ಲಿ ಒಣಗಿದ ಚುಕ್ಕೆಗಳು ಹಸಿರಾಗಿ ಮಿನುಗಿದವು. ಕಣ್ಣೀರು ಹರಿದುಹೋಗಬೇಕಾದ ರಂಧ್ರವೂ ಕಣ್ಣಿನಿಂದ ದೂರ ಸರಿದಿದ್ದರಿಂದ, ಒಳಗೆ ಒಣಗುತ್ತಿದ್ದ ಕಣ್ಣೇ ಹೊರಗೆ ಸುರಿಯುತ್ತಿತ್ತು.

ಕಲೆ ಹಸಿಯಾಗಿರುವಾಗ ಕಾರ್ನಿಯಾಕ್ಕೆ ಅಪಾಯವಿಲ್ಲದಿದ್ದರೆ, ಕೃತಕ ಕಣ್ಣೀರು, ರಾತ್ರಿ ಮುಲಾಮು, ಕಲೆಯ ಮಾಲೀಶಿನೊಂದಿಗೆ ಸಾಮಾನ್ಯವಾಗಿ ಆರು ತಿಂಗಳು ಕಾಯುತ್ತೇವೆ. ಇವರ ಕಲೆ ಮಾಗಿತ್ತು. ಚೀಟಿಯನ್ನು ನಂಬಿ ರೆಪ್ಪೆಯನ್ನು ಅಡ್ಡಲಾಗಿ ಬಿಗಿ ಮಾಡಿದ್ದರೆ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಕೊರತೆ ಇದ್ದದ್ದು ಮೇಲೆ–ಕೆಳಗಿನ ಅಳತೆಯಲ್ಲಿ. ತೆಳುವಾದ ಗೆರೆಯಂಥ ಕಲೆಯಾಗಿದ್ದರೆ ಝಡ್ ಆಕಾರದ ಕತ್ತರಿಕೆಯಿಂದಲೇ ಅದನ್ನು ಉದ್ದವಾಗಿಸಬಹುದಿತ್ತು. ಇವರ ಕಲೆ ಹರಡಿದ್ದರಿಂದ ಅದನ್ನು ಬಿಡಿಸಿ, ಕಿವಿಯ ಹಿಂದಿನ ಪೂರ್ಣದಪ್ಪದ ಚರ್ಮವನ್ನು ಕಸಿ ಮಾಡಬೇಕಾಯಿತು. ಕಸಿಯೂ ಕುಗ್ಗುವ ಸ್ವಭಾವದ್ದೇ ಆದ್ದರಿಂದ ತುಸು ದೊಡ್ಡದಾಗಿಯೇ ಕತ್ತರಿಸಿಕೊಂಡು, ರೆಪ್ಪೆಯನ್ನು ಕೆಲವು ದಿನ ಹೊಲಿಗೆಯಿಂದ ಮೇಲಕ್ಕೆ ಎಳೆದಿಟ್ಟಿರುತ್ತೇವೆ.

ಇನ್ನು ಕೋಡಿಂಗ್, ಅಂದರೆ ಕಾಯಿಲೆಯನ್ನು ದಾಖಲೆಯಲ್ಲಿ ಸಂಕೇತವಾಗಿ ಬರೆಯುವ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಸಂಕೇತಪಟ್ಟಿಯಾದ ಐಸಿಡಿ–10ರಲ್ಲಿ ಎಲ್ಲ ಬಗೆಯ ಎಕ್ಟ್ರೋಪಿಯನ್‌ಗೂ ಎಚ್02.1 ಒಂದೇ. ಶಿವಮೊಗ್ಗದಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳಿಗೆ ಕೋಡ್ ಹಾಕುವವರು ಬಳಸುವ, ಅದೇ ಪಟ್ಟಿಯ ಅಮೆರಿಕದ ಆವೃತ್ತಿ ಐಸಿಡಿ–10–ಸಿಎಂನಲ್ಲಿ ಕಾರಣವೂ ರೆಪ್ಪೆಯೂ ಬೇರೆಬೇರೆ: ಬಲ ಕೆಳರೆಪ್ಪೆ ಕಲೆಯಿಂದ ಮಗುಚಿದ್ದರೆ ಎಚ್02.112, ವಯಸ್ಸಿನಿಂದಾದರೆ ಎಚ್02.132. ಬಲರೆಪ್ಪೆಯ ಹಳೆಯ ಸುಟ್ಟಗಾಯದ ಪರಿಣಾಮವೆಂದು ತಿಳಿಸುವ ಟಿ26.01ಎಕ್ಸ್‌ಎಸ್ ಅದರ ನಂತರ ಬರಬೇಕು, ಮೊದಲಲ್ಲ. ‘ಕೆಳರೆಪ್ಪೆ ಸರಿಪಡಿಸಲಾಯಿತು’ ಎಂದಷ್ಟೇ ಗೀಚುವ ನನ್ನಂಥ ವೈದ್ಯರಿಂದ ಕೋಡರ್‌ಗಳು ಪಡುವ ಪಾಡು ನನಗೆ ಗೊತ್ತು. ಯಾವ ರೆಪ್ಪೆ, ಏನು ಕಾರಣ, ಚರ್ಮ ಎಲ್ಲಿಂದ ತೆಗೆದದ್ದು, ಅದು ಎಷ್ಟು ಚದರ ಸೆಂಟಿಮೀಟರ್ ಎಂಬುದನ್ನು ಈಗ ಕೈಗವಸು ಕಳಚಿದ ಕೂಡಲೇ ಬರೆದಿಡುತ್ತೇನೆ.