ಎಲೆ ಹಸಿರು, ಕಾಯಿ ಜೊಳ್ಳು: ಸವಳು ನೆಲದಲ್ಲಿ ಶೇಂಗಾ

ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಬೇಸಿಗೆಯಲ್ಲಿ ಕಾಲುವೆ ಕೆಳಗಿನ ಕೆಲವು ಹೊಲಗಳು ಬೆಳ್ಳಗೆ ಕಾಣುತ್ತವೆ. ಅದು ಸವಳು, ಅಂದರೆ ಮೇಲ್ಮಣ್ಣಿನಲ್ಲಿ ಕೂತ ಲವಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಎಡದಂಡೆ ಕಾಲುವೆಯ ನೀರು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಎಂಬ ಲೆಕ್ಕವಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಎರೆಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡುವುದಿಲ್ಲ. ಹೀಗಾಗಿ ಅಂತರ್ಜಲ ಮೇಲೇರಿತು. ಆಳದಲ್ಲಿದ್ದ ಲವಣ ಅದರೊಂದಿಗೆ ಬಂತು. ನೀರು ಆವಿಯಾಗಿ ಹೋಯಿತು, ಲವಣ ಮೇಲ್ಮಣ್ಣಿನಲ್ಲಿ ಉಳಿಯಿತು.

ಇಂಥ ನೆಲದಲ್ಲಿ ಎಣ್ಣೆಕಾಳುಗಳ ಪಾಡು ಒಂದೇ ತೆರನಾಗಿಲ್ಲ. ಬೆಳೆಗಳ ಲವಣ ಸಹನೆಯನ್ನು ಮಾಸ್ ಮತ್ತು ಹಾಫ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು 1977ರಲ್ಲಿ ಪಟ್ಟಿ ಮಾಡಿದರು. ಲವಣ ಹೆಚ್ಚಾದಷ್ಟೂ ಏರುವ ಮಣ್ಣಿನ ದ್ರವದ ವಿದ್ಯುತ್ ವಾಹಕತೆ, ಅಂದರೆ ಇಸಿ, ಮೀಟರಿಗೆ 3.2 ಡೆಸಿಸೀಮೆನ್ಸ್ ದಾಟುವವರೆಗೆ ಶೇಂಗಾ ತಡೆದುಕೊಳ್ಳುತ್ತದೆ. ಆಮೇಲೆ ಒಂದೊಂದು ಡೆಸಿಸೀಮೆನ್ಸ್ ಏರಿದಾಗಲೂ ಇಳುವರಿ ಸುಮಾರು ಶೇಕಡಾ 29ರಷ್ಟು ಬೀಳುತ್ತದೆ. 5ರ ಹತ್ತಿರ ಬರುವಷ್ಟರಲ್ಲಿ ಅರ್ಧ ಬೆಳೆ ಹೋಗಿರುತ್ತದೆ. ನಂತರದ ಪ್ರಯೋಗಗಳಲ್ಲಿ ಸೂರ್ಯಕಾಂತಿ 4.8ರವರೆಗೆ ತಡೆದುಕೊಂಡಿತು, ಆಚೆಗೂ ಅದರ ನಷ್ಟ ಡೆಸಿಸೀಮೆನ್ಸಿಗೆ ಶೇಕಡಾ 5ರಷ್ಟು ಮಾತ್ರ. ಹಾಗಾದರೆ ಶೇಂಗಾ ಯಾಕಿಷ್ಟು ಬೇಗ ಕುಸಿಯುತ್ತದೆ?

ಮೊದಲ ಪೆಟ್ಟು ಎಲ್ಲ ಬೆಳೆಗಳಿಗೂ ಬೀಳುವಂಥದ್ದು. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಷ್ಟೂ ಬೇರು ಅದನ್ನು ಹೀರುವುದು ಕಷ್ಟ. ನೆಲ ತೇವವಾಗಿದ್ದರೂ ಗಿಡ ಬಾಯಾರುತ್ತದೆ, ಎಲೆ ಬೆಳೆಯುವುದು ನಿಧಾನವಾಗುತ್ತದೆ. ಎರಡನೆಯದು ಸೋಡಿಯಂನ ಪೆಟ್ಟು. ಪೊಟ್ಯಾಸಿಯಂ ಇರಬೇಕಾದ ಜಾಗಕ್ಕೆ ಸೋಡಿಯಂ ನುಗ್ಗುತ್ತದೆ, ಹಳೆಯ ಎಲೆಗಳಲ್ಲಿ ತುಂಬಿಕೊಂಡು ಅಂಚಿನಿಂದ ಸುಡುತ್ತಾ ಬರುತ್ತದೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಶೇಂಗಾದ ಬೇರುಗಂಟುಗಳೂ ಲವಣದಲ್ಲಿ ಸರಿಯಾಗಿ ಕಟ್ಟುವುದಿಲ್ಲ. ಸಾರಜನಕದ ಗಳಿಕೆ ಅಷ್ಟಕ್ಕಷ್ಟೇ.

ಶೇಂಗಾಕ್ಕೆ ಮಾತ್ರ ಮೂರನೆಯ ಪೆಟ್ಟೊಂದಿದೆ. ನನಗೆ ಈ ಬೆಳೆಯ ಅತ್ಯಂತ ಸೋಜಿಗದ ಸಂಗತಿಯೂ ಇದೇ. ಹೂ ಬಿದ್ದ ಮೇಲೆ ಮೊನೆಯಾದ ತೊಟ್ಟು ಮಣ್ಣಿಗಿಳಿಯುತ್ತದೆ, ಕಾಯಿ ನೆಲದೊಳಗೇ ಬಲಿಯುತ್ತದೆ. ಕಾಳು ತುಂಬಲು ಕ್ಯಾಲ್ಸಿಯಂ ಬೇಕು. ಆದರೆ ಬೇರು ಹೀರಿದ ಕ್ಯಾಲ್ಸಿಯಂ ಎಲೆಯಿಂದ ಆವಿಯಾಗುವ ನೀರಿನ ಸೆಳೆತಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತದೆ. ಎಲೆಯಿಂದ ಕೆಳಕ್ಕೆ ಮರಳುವುದು ಬಹಳ ಕಡಿಮೆ. ಮಣ್ಣಿನೊಳಗಿನ ಕಾಯಿಯಿಂದ ನೀರು ಆವಿಯಾಗುವುದಿಲ್ಲ, ಹಾಗಾಗಿ ಅದರ ಕಡೆಗೆ ಆ ಸೆಳೆತವಿಲ್ಲ. ಕಾಯಿ ತನ್ನ ಸಿಪ್ಪೆಯ ಮೂಲಕ ಸುತ್ತಲ ಮಣ್ಣಿನಿಂದಲೇ ಕ್ಯಾಲ್ಸಿಯಂ ಪಡೆಯಬೇಕು. ಆ ಮೇಲ್ಪದರದಲ್ಲೇ ಬೇಸಿಗೆಯ ಸವಳು ಕೂತಿದೆ. ಸೋಡಿಯಂ ಪೈಪೋಟಿಗೆ ನಿಂತರೆ ಕಾಯಿಗೆ ಕ್ಯಾಲ್ಸಿಯಂ ಸಾಲದು, ಕಾಳು ಕಟ್ಟುವುದಿಲ್ಲ. ಗಿಡ ಹಸಿರಾಗಿದೆ ಎಂದು ನಂಬಿದ್ದ ರೈತನ ಕೈಗೆ ಕಿತ್ತಾಗ ಜೊಳ್ಳು ಬರುವುದು ಹೀಗೆ. ಇಡೀ ಹಂಗಾಮಿನ ಖರ್ಚು ಮುಗಿದ ಮೇಲೆ ಕಾಣುವ ಈ ನಷ್ಟ ಬಹಳ ಕ್ರೂರವಾದದ್ದು.

ಶೇಂಗಾಕ್ಕೆ ಜಿಪ್ಸಂ ಹಾಕಿ ಎಂದು ಕೃಷಿ ವಿಶ್ವವಿದ್ಯಾಲಯಗಳು ಹೇಳುವುದು ಇದೇ ಕಾರಣಕ್ಕೆ. ಹೆಕ್ಟೇರಿಗೆ 500 ಕಿಲೋ ಸಾಮಾನ್ಯ ಶಿಫಾರಸು. ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಹಾಕಿ ಎಡೆ ಹೊಡೆದರೆ ಕಾಯಿ ಇಳಿಯುವ ಪದರದಲ್ಲೇ ಕ್ಯಾಲ್ಸಿಯಂ ಸಿಗುತ್ತದೆ. ಆದರೆ ಸವಳು ಭೂಮಿ ಸುಧಾರಿಸಲು ಇಷ್ಟು ಸಾಕಾಗದು. ಅದಕ್ಕೆ ಮೊದಲು ತಿಳಿಯಬೇಕಾದದ್ದು ನೆಲದ ಬಗೆ. ರಸಸಾರ (ಪಿಎಚ್) 8.5 ದಾಟಿ, ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ ಮಣ್ಣು. ಒದ್ದೆಯಾದರೆ ಕೆಸರು, ಒಣಗಿದರೆ ಕಲ್ಲು. ಅಲ್ಲಿ ಟನ್‌ಗಟ್ಟಲೆ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣಗಳಿಂದ ಬಿಡಿಸುತ್ತದೆ. ಬರಿಯ ಲವಣವಿದ್ದು ರಸಸಾರ ಕಡಿಮೆ ಇದ್ದರೆ ಜಿಪ್ಸಂ ಸುರಿದು ಪ್ರಯೋಜನವಿಲ್ಲ. ಹೊಲದಲ್ಲಿ ನೀರು ಕಟ್ಟಿ ನಿಲ್ಲಿಸಿ ಲವಣವನ್ನು ಕೆಳಕ್ಕೆ ಬಸಿಯುವುದೊಂದೇ ದಾರಿ.

ಇನ್ನೊಂದು ಎಚ್ಚರಿಕೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವ ಇಸಿಯನ್ನು ಹೆಚ್ಚಾಗಿ ಮಣ್ಣಿಗೆ ಎರಡೂವರೆ ಪಟ್ಟು ನೀರು ಬೆರೆಸಿ ಅಳೆದಿರುತ್ತಾರೆ. ಮೇಲೆ ಹೇಳಿದ 3.2, 4.8 ಅಂಕಿಗಳು ಮಣ್ಣನ್ನು ತೇವದಿಂದ ತುಂಬಿಸಿ ಹಿಂಡಿದ ದ್ರವದವು. ಚೀಟಿಯಲ್ಲಿ 1.5 ಕಂಡು ನಿಶ್ಚಿಂತರಾಗುವ ಹಾಗಿಲ್ಲ. ಬೇರಿನ ಬಳಿಯ ಲವಣ ಅದರ ಎರಡು ಮೂರು ಪಟ್ಟು ಇರಬಹುದು.

ನೆಲ ಸುಧಾರಿಸುವವರೆಗೆ ಬೆಳೆ ಬದಲಿಸುವುದು ಜಾಣತನ. ಹಿಂಗಾರಿಯ ಕುಸುಬಿ ಶೇಂಗಾಕ್ಕಿಂತ ಹೆಚ್ಚು ಲವಣ ತಾಳುತ್ತದೆ, ಆಳಕ್ಕೆ ಬೇರಿಳಿಸಿ ಕೆಳಗಿನ ನೀರನ್ನೂ ಹೀರುತ್ತದೆ. ಸಾಸಿವೆಯಲ್ಲಿ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಸಿಎಸ್ 52, ಸಿಎಸ್ 54ರಂಥ ತಳಿಗಳನ್ನು ಸವಳಿಗೆಂದೇ ಬೆಳೆಸಿದೆ. ಆದರೆ ಅವು ಉತ್ತರ ಭಾರತದ ಚಳಿಗೆ ಹೊಂದಿದವು. ನಮ್ಮ ಹೊಲಕ್ಕೆ ತರುವ ಮುನ್ನ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳುವುದು ಒಳ್ಳೆಯದು. ಬಸಿಗಾಲುವೆಯ ಬಗ್ಗೆಯೂ ಅಲ್ಲೇ ಕೇಳಬಹುದು. ಒಬ್ಬರೇ ತೋಡಿದರೆ ಅದು ಕೆಲಸಕ್ಕೆ ಬಾರದು. ಬಸಿದ ಉಪ್ಪುನೀರು ಹಳ್ಳ ಸೇರುವವರೆಗೆ ಕೆಳಗಿನ ಹೊಲದವರೂ ದಾರಿ ಬಿಡಬೇಕು.