ಮಿಯಾಸಿಸ್ ಟಿಪ್ಪಣಿ: ತೊಗರಿಯ 22, ಬಾಳೆಯ 33 ಮತ್ತು ಸೆಂಟ್ರೋಮಿಯರ್ ಎಣಿಕೆ

ತೊಗರಿ ಗಿಡದ ಎಲೆ, ಬೇರು, ಕಾಂಡ ಯಾವುದರ ಕೋಶವನ್ನು ತೆಗೆದುಕೊಂಡರೂ ಅದರಲ್ಲಿ 22 ವರ್ಣತಂತುಗಳಿರುತ್ತವೆ. ಆದರೆ ಅದರ ಅಂಡಾಣುವಿನಲ್ಲಿ 11, ಪರಾಗದಿಂದ ಬರುವ ಗಂಡು ಲಿಂಗಾಣುವಿನಲ್ಲಿಯೂ 11. ಇವೆರಡು ಕೂಡಿದಾಗ ಯುಗ್ಮಜದಲ್ಲಿ ಮತ್ತೆ 22 ಆಗುತ್ತದೆ. ಲಿಂಗಾಣುಗಳು ತಯಾರಾಗುವ ಮುನ್ನ ಸಂಖ್ಯೆ ಅರ್ಧಕ್ಕೆ ಇಳಿಯದಿದ್ದರೆ ಮುಂದಿನ ತಲೆಮಾರಿನ ಗಿಡದಲ್ಲಿ 44, ಅದರ ಮುಂದಿನದರಲ್ಲಿ 88 ಎಂದು ಅದು ಇಮ್ಮಡಿಯಾಗುತ್ತಲೇ ಹೋಗುತ್ತಿತ್ತು. ಈ ಇಳಿಕೆಯನ್ನು ಮಾಡುವ ಕೋಶವಿಭಜನೆಯೇ ಮಿಯಾಸಿಸ್. ಒಮ್ಮೆ ಡಿಎನ್‌ಎ ನಕಲಾಗಿ, ಬಳಿಕ ಎರಡು ವಿಭಜನೆಗಳು ಬೆನ್ನುಬೆನ್ನಿಗೆ ನಡೆದು, ಒಂದು ಕೋಶದಿಂದ ನಾಲ್ಕು ಕೋಶಗಳು ಹುಟ್ಟುತ್ತವೆ.

ಕಲಬುರಗಿ ಭಾಗದಲ್ಲಿ ಪಿಯುಸಿ ಓದುತ್ತ ನೀಟ್ ಮತ್ತು ಸಿಇಟಿಗೆ ಸಿದ್ಧವಾಗುತ್ತಿರುವ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಹೀಗಾಗಿ ಉದಾಹರಣೆಗಳನ್ನು ನಮ್ಮ ಹೊಲಗಳಿಂದಲೇ ಆಯ್ದುಕೊಂಡಿದ್ದೇನೆ. ಹಂತಗಳ ಹೆಸರು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಲೆಕ್ಕ ಬಂದಾಗ ಕೈ ತಡೆಯುತ್ತದೆ. ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ವರ್ಣತಂತುವಿನ ಲೆಕ್ಕ ಬೇರೆ, ಡಿಎನ್‌ಎ ಲೆಕ್ಕ ಬೇರೆ

ತೊಡಕು ಇರುವುದು ಇಲ್ಲಿ. ವಿಭಜನೆಗೆ ಮುನ್ನ ಎಸ್ ಹಂತದಲ್ಲಿ ಡಿಎನ್‌ಎ ಎರಡರಷ್ಟಾಗುತ್ತದೆ ಎಂದು ಓದುತ್ತೇವೆ, ಹಾಗಾದರೆ ತೊಗರಿಯ ಕೋಶದಲ್ಲಿ ಆಗ 44 ವರ್ಣತಂತುಗಳಿರಬೇಕಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆದರೆ ಉತ್ತರ 22 ಮಾತ್ರ. ನಕಲಾದ ಎರಡು ಎಳೆಗಳು, ಅಂದರೆ ಸೋದರಿ ಕ್ರೊಮ್ಯಾಟಿಡ್‌ಗಳು, ಸೆಂಟ್ರೋಮಿಯರ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವಷ್ಟು ಕಾಲ ಅವೆರಡನ್ನೂ ಸೇರಿಸಿ ಒಂದೇ ವರ್ಣತಂತು ಎಂದು ಎಣಿಸಲಾಗುತ್ತದೆ. ಕೌನ್ಸೆಲಿಂಗ್‌ಗೆ ಹೋಗುವಾಗ 371(ಜೆ) ಮೀಸಲಾತಿ ಪ್ರಮಾಣಪತ್ರದ ಎರಡು ಝೆರಾಕ್ಸ್ ಪ್ರತಿಗಳಿಗೆ ಒಂದೇ ಪಿನ್ ಹೊಡೆದು ಕೊಟ್ಟರೆ ಅದು ಒಂದು ಸೆಟ್ ಎನಿಸಿಕೊಳ್ಳುತ್ತದೆಯೇ ಹೊರತು ಎರಡಲ್ಲ. ಪಿನ್ ಕಿತ್ತ ಮೇಲಷ್ಟೇ ಎರಡು. ವರ್ಣತಂತುಗಳನ್ನು ಕೇಳಿದರೆ ಪಿನ್‌ಗಳನ್ನು, ಅಂದರೆ ಸೆಂಟ್ರೋಮಿಯರ್‌ಗಳನ್ನು ಎಣಿಸಬೇಕು. ಡಿಎನ್‌ಎ ಪ್ರಮಾಣವನ್ನು ಕೇಳಿದರೆ ಹಾಳೆಗಳನ್ನು, ಅಂದರೆ ಕ್ರೊಮ್ಯಾಟಿಡ್‌ಗಳನ್ನು ಎಣಿಸಬೇಕು. ನಾನು ನೆಚ್ಚಿಕೊಂಡಿರುವ ಅಡ್ಡದಾರಿ ಇದೊಂದೇ, ಮತ್ತು ಈ ಅಧ್ಯಾಯದ ಬಹುತೇಕ ಲೆಕ್ಕಗಳಿಗೆ ಇದು ಸಾಕಾಗುತ್ತದೆ.

ತೊಗರಿಯ ಪರಾಗ ಮಾತೃಕೋಶವೊಂದನ್ನು, ಅಂದರೆ ಮಿಯಾಸಿಸ್ ನಡೆದು ಪರಾಗಕಣಗಳಾಗುವ ಕೋಶವನ್ನು, ಹಿಡಿದು ಕೊನೆಯವರೆಗೆ ನಡೆಸಿ ನೋಡೋಣ. ಜಿ1 ಹಂತದಲ್ಲಿ, ಅಂದರೆ ಎಸ್ ಹಂತಕ್ಕೆ ಮುನ್ನ, 22 ವರ್ಣತಂತುಗಳು, 22 ಡಿಎನ್‌ಎ ಅಣುಗಳು. ಈ ಡಿಎನ್‌ಎ ಪ್ರಮಾಣವನ್ನು 2ಸಿ ಎಂದು ಗುರುತಿಸುತ್ತಾರೆ. ಎಸ್ ಹಂತ ಮುಗಿದಾಗ ವರ್ಣತಂತುಗಳು 22 ಆಗಿಯೇ ಉಳಿದು, ಡಿಎನ್‌ಎ ಅಣುಗಳು 44 ಆಗುತ್ತವೆ, ಅಂದರೆ 4ಸಿ. ಮೊದಲ ಅನಾಫೇಸ್‌ನಲ್ಲಿ ಸಮರೂಪಿ ವರ್ಣತಂತುಗಳು, ಅಂದರೆ ತಾಯಿಯ ಕಡೆಯಿಂದ ಬಂದದ್ದು ಮತ್ತು ತಂದೆಯ ಕಡೆಯಿಂದ ಬಂದದ್ದು, ಪರಸ್ಪರ ಬೇರೆಯಾಗಿ ಕೋಶದ ಎದುರುಬದುರು ತುದಿಗಳಿಗೆ, ಅಂದರೆ ಧ್ರುವಗಳಿಗೆ ಸರಿಯುತ್ತವೆ. ಸೆಂಟ್ರೋಮಿಯರ್ ಇಲ್ಲಿ ಒಡೆಯುವುದಿಲ್ಲ. ಹಾಗಾಗಿ ಮೊದಲ ವಿಭಜನೆಯ ಕೊನೆಗೆ ಸಿಗುವ ಪ್ರತಿ ಕೋಶದಲ್ಲಿ 11 ವರ್ಣತಂತುಗಳಿದ್ದರೂ ಡಿಎನ್‌ಎ ಅಣುಗಳು 22 ಇರುತ್ತವೆ. ಸಂಖ್ಯೆ ಆಗಲೇ ಅರ್ಧವಾಗಿದೆ, ಡಿಎನ್‌ಎ ಮಾತ್ರ ಇನ್ನೂ 2ಸಿ ಇದೆ. ಇನ್ನು ಎರಡನೆಯ ಅನಾಫೇಸ್‌ನಲ್ಲಿ ಸೆಂಟ್ರೋಮಿಯರ್ ಒಡೆದು ಸೋದರಿ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ. ಕೊನೆಯ ನಾಲ್ಕು ಕೋಶಗಳಲ್ಲಿ ತಲಾ 11 ವರ್ಣತಂತು, 11 ಡಿಎನ್‌ಎ ಅಣು, ಅಂದರೆ 1ಸಿ.

ಒಂದು ವಿಚಿತ್ರವನ್ನು ಗಮನಿಸಿ. ಮೊದಲ ವಿಭಜನೆ ಮುಗಿದ ಕೋಶದಲ್ಲಿರುವ ಡಿಎನ್‌ಎ ಪ್ರಮಾಣವೂ ಜಿ1 ಹಂತದ ಎಲೆಯ ಕೋಶದಲ್ಲಿರುವ ಡಿಎನ್‌ಎ ಪ್ರಮಾಣವೂ ಒಂದೇ, ಎರಡೂ 2ಸಿ. ಆದರೂ ಒಂದು ಏಕಗುಣಿತ (ಪ್ರತಿ ವರ್ಣತಂತು ಒಂದೊಂದೇ), ಇನ್ನೊಂದು ದ್ವಿಗುಣಿತ (ಎರಡೆರಡು). ಡಿಎನ್‌ಎ ಪ್ರಮಾಣವೊಂದನ್ನೇ ಕೊಟ್ಟು ಕೋಶ ಏಕಗುಣಿತವೇ ಎಂದು ಕೇಳಿದರೆ ಉತ್ತರಿಸಲು ಆಗುವುದಿಲ್ಲ. ಎರಡನೆಯ ಅನಾಫೇಸ್ ನಡೆಯುತ್ತಿರುವ ಕೋಶದಲ್ಲಿ ಕ್ಷಣಕಾಲ ಒಟ್ಟು 22 ಸೆಂಟ್ರೋಮಿಯರ್‌ಗಳು ಕಾಣುತ್ತವೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಪ್ರಶ್ನೆಯಲ್ಲಿ 'ಪ್ರತಿ ಧ್ರುವದಲ್ಲಿ' ಎಂದಿದೆಯೋ 'ಪ್ರತಿ ಕೋಶದಲ್ಲಿ' ಎಂದಿದೆಯೋ ನೋಡದೆ ಉತ್ತರ ಬರೆಯಬಾರದು.

ಹಾಗಾದರೆ ಮೊದಲ ವಿಭಜನೆಯಲ್ಲಿ ಸೆಂಟ್ರೋಮಿಯರ್ ಏಕೆ ಒಡೆಯುವುದಿಲ್ಲ? ಪಿಯುಸಿ ಮಟ್ಟಕ್ಕೆ ಇದು ಬೇಕಾಗದಿರಬಹುದು, ಆದರೆ ಕಾರಣ ತಿಳಿದರೆ ಬಾಯಿಪಾಠದ ಹೊರೆ ಇಳಿಯುತ್ತದೆ. ಸೋದರಿ ಕ್ರೊಮ್ಯಾಟಿಡ್‌ಗಳನ್ನು ಉದ್ದಕ್ಕೂ ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನು. ಅದನ್ನು ಕತ್ತರಿಸುವುದು ಸೆಪರೇಸ್ ಎಂಬ ಕಿಣ್ವ. ಮೊದಲ ಅನಾಫೇಸ್‌ನಲ್ಲಿ ಸೆಪರೇಸ್ ವರ್ಣತಂತುವಿನ ತೋಳುಗಳ ಮೇಲಿರುವ ಕೊಹೆಸಿನ್ನನ್ನು ಕತ್ತರಿಸುತ್ತದೆ, ಸೆಂಟ್ರೋಮಿಯರ್ ಬಳಿಯಿರುವ ಕೊಹೆಸಿನ್ನನ್ನು ಮಾತ್ರ ಶುಗೋಶಿನ್ ಎಂಬ ಇನ್ನೊಂದು ಪ್ರೋಟೀನು ಕಾಯುತ್ತದೆ. ಜೊತೆಗೆ, ಸೋದರಿಗಳೆರಡರಲ್ಲಿ ಎಳೆಯುವ ನೂಲುಗಳು ಅಂಟುವ ಜಾಗಗಳಾದ ಕೈನೆಟೋಕೋರ್‌ಗಳು ಆಗ ಒಂದೇ ಧ್ರುವದತ್ತ ಮುಖ ಮಾಡಿರುವುದರಿಂದ ಅವು ಜೊತೆಜೊತೆಯಾಗಿಯೇ ಎಳೆಯಲ್ಪಡುತ್ತವೆ. ಎರಡನೆಯ ವಿಭಜನೆಯಲ್ಲಿ ಈ ಕಾವಲು ಇರುವುದಿಲ್ಲ, ಕೈನೆಟೋಕೋರ್‌ಗಳೂ ಎದುರುಬದುರು ತಿರುಗುತ್ತವೆ, ಆದ್ದರಿಂದ ಅದು ದೇಹದ ಕೋಶಗಳ ಸಾಮಾನ್ಯ ವಿಭಜನೆಯಾದ ಮೈಟಾಸಿಸ್‌ನಂತೆ ಕಾಣುತ್ತದೆ.

ಪ್ರೊಫೇಸ್ 1: ಮೊದಲ ವಿಭಜನೆಯ ಆರಂಭದ ಐದು ಹಂತಗಳು

ಲೆಪ್ಟೋಟೀನ್‌ನಲ್ಲಿ ವರ್ಣತಂತುಗಳು ಎಳೆಗಳಂತೆ ಕಾಣತೊಡಗುತ್ತವೆ. ಝೈಗೋಟೀನ್‌ನಲ್ಲಿ ಸಮರೂಪಿಗಳು ಜೋಡಿಯಾಗುತ್ತವೆ, ಅವನ್ನು ಬೆಸೆಯುವ ಸಿನಾಪ್ಟೋನೀಮಲ್ ಸಂಕೀರ್ಣ ನಡುವೆ ಮೂಡುತ್ತದೆ. ಪ್ಯಾಕಿಟೀನ್‌ನಲ್ಲಿ ಸೋದರಿಗಳಲ್ಲದ ಕ್ರೊಮ್ಯಾಟಿಡ್‌ಗಳ ನಡುವೆ ತುಣುಕುಗಳ ವಿನಿಮಯ, ಅಂದರೆ ಅಡ್ಡಹಾಯ್ಕೆ ನಡೆಯುತ್ತದೆ. ಡಿಪ್ಲೋಟೀನ್‌ನಲ್ಲಿ ಸಂಕೀರ್ಣ ಕರಗಿ, ವಿನಿಮಯ ನಡೆದ ಜಾಗಗಳು ಕಯಾಸ್ಮಾಗಳಾಗಿ ಕಣ್ಣಿಗೆ ಬೀಳುತ್ತವೆ. ಡಯಾಕೈನೆಸಿಸ್‌ನಲ್ಲಿ ಕಯಾಸ್ಮಾಗಳು ತುದಿಗೆ ಸರಿದು, ಕೋಶಕೇಂದ್ರದ ಪೊರೆ ಒಡೆಯುತ್ತದೆ. ಅಡ್ಡಹಾಯ್ಕೆ ನಡೆಯುವುದು ಪ್ಯಾಕಿಟೀನ್‌ನಲ್ಲಿ, ಕಾಣುವುದು ಡಿಪ್ಲೋಟೀನ್‌ನಲ್ಲಿ. ಈ ಎರಡರ ನಡುವಿನ ವ್ಯತ್ಯಾಸವನ್ನು ಬಿಟ್ಟರೆ ಇಲ್ಲಿ ಕಷ್ಟವಾದದ್ದು ಏನೂ ಇಲ್ಲ.

ಕಯಾಸ್ಮಾ ವೈವಿಧ್ಯಕ್ಕಾಗಿ ಮಾತ್ರ ಇರುವುದಲ್ಲ ಎಂಬುದನ್ನು ಮಾತ್ರ ಸೇರಿಸಬೇಕು. ಸಮರೂಪಿಗಳೆರಡನ್ನು, ಜೋಡಿಗಳು ಕೋಶದ ನಡುವೆ ಸಾಲುಗೂಡುವ ಮೆಟಾಫೇಸ್‌ವರೆಗೆ ಒಟ್ಟಿಗೆ ಹಿಡಿದಿಡುವುದೂ ಅದೇ. ಒಂದೂ ಅಡ್ಡಹಾಯ್ಕೆ ಆಗದ ಜೋಡಿಗಳು ಸರಿಯಾಗಿ ಬೇರೆಯಾಗದೆ ತಪ್ಪು ಧ್ರುವಕ್ಕೆ ಹೋಗುವ ಅಪಾಯ ಹೆಚ್ಚು.

ವೈವಿಧ್ಯ ಎಲ್ಲಿಂದ ಬರುತ್ತದೆ

ತೊಗರಿಯಲ್ಲಿ 11 ಜೋಡಿಗಳಿವೆ. ಮೊದಲ ಮೆಟಾಫೇಸ್‌ನಲ್ಲಿ ಪ್ರತಿ ಜೋಡಿಯೂ ಉಳಿದವುಗಳ ಹಂಗಿಲ್ಲದೆ ತನ್ನ ಪಾಡಿಗೆ ಯಾವ ಮುಖ ಯಾವ ಧ್ರುವಕ್ಕೆ ಎಂದು ನಿಲ್ಲುತ್ತದೆ. ಆದ್ದರಿಂದ ಸಾಧ್ಯವಿರುವ ಲಿಂಗಾಣು ಬಗೆಗಳು ಎರಡರ ಹನ್ನೊಂದನೆಯ ಘಾತ, ಅಂದರೆ 2,048. ಮನುಷ್ಯರ 23 ಜೋಡಿಗಳಿಗೆ ಇದು 83,88,608 ಆಗುತ್ತದೆ. ಒಂದು ಅಂಡಾಣು ಒಂದು ವೀರ್ಯಾಣುವನ್ನು ಸೇರುವ ಸಾಧ್ಯತೆಗಳನ್ನು ಗುಣಿಸಿದರೆ ಸುಮಾರು 70 ಲಕ್ಷ ಕೋಟಿ. ಅಡ್ಡಹಾಯ್ಕೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಆದರೆ 2,048 ಎಂಬುದು ಗಿಡದ ಲೆಕ್ಕ, ಕೋಶದ ಲೆಕ್ಕವಲ್ಲ. ನೆಟೆ ರೋಗವನ್ನು ತಡೆಯುವ ಅಲೀಲ್ (ಜೀನ್‌ನ ಒಂದು ರೂಪ) ಒಂದು ಜೋಡಿಯಲ್ಲಿ, ಬೇಗ ಮಾಗಿಸುವ ಅಲೀಲ್ ಇನ್ನೊಂದು ಜೋಡಿಯಲ್ಲಿ ಇರುವ ಗಿಡವೊಂದನ್ನು ಊಹಿಸಿಕೊಳ್ಳೋಣ. ಎರಡೂ ಜೋಡಿಗಳಲ್ಲಿ ಎದುರಿನ ಅಲೀಲ್ ಬೇರೆಯದೇ ಇದೆ. ಗಿಡದ ಒಟ್ಟು ಪರಾಗದಲ್ಲಿ ನಾಲ್ಕು ಬಗೆಗಳು ಸಮನಾಗಿ ಸಿಗುತ್ತವೆ: ಎರಡೂ ಗುಣಗಳಿರುವವು, ಮೊದಲನೆಯದು ಮಾತ್ರ ಇರುವವು, ಎರಡನೆಯದು ಮಾತ್ರ ಇರುವವು, ಎರಡೂ ಇಲ್ಲದವು. ಹಾಗಿದ್ದರೂ ಒಂದೇ ಮಾತೃಕೋಶದಿಂದ ಹೊರಬರುವ ನಾಲ್ಕು ಪರಾಗಕಣಗಳನ್ನು ಹಿಡಿದು ನೋಡಿದರೆ, ಅಡ್ಡಹಾಯ್ಕೆ ಇಲ್ಲದಿದ್ದಲ್ಲಿ ಅವುಗಳಲ್ಲಿ ಎರಡೇ ಬಗೆಗಳಿರುತ್ತವೆ. ಏಕೆಂದರೆ ಆ ಕೋಶದಲ್ಲಿ ಜೋಡಿಗಳು ಒಂದೇ ಒಂದು ರೀತಿಯಲ್ಲಿ ನಿಂತಿದ್ದವು, ಎರಡನೆಯ ವಿಭಜನೆ ಅವನ್ನು ಇಮ್ಮಡಿಸಿತಷ್ಟೆ. ಪಕ್ಕದ ಮಾತೃಕೋಶದಲ್ಲಿ ಅವು ಇನ್ನೊಂದು ರೀತಿಯಲ್ಲಿ ನಿಂತಿರಬಹುದು. ಸಾವಿರಾರು ಕೋಶಗಳು ಸೇರಿದಾಗಲೇ ನಾಲ್ಕೂ ಬಗೆಗಳು ಸಮನಾಗುವುದು.

ಈಗ ಎರಡೂ ಅಲೀಲ್‌ಗಳು ಒಂದೇ ವರ್ಣತಂತುವಿನ ಮೇಲಿವೆ ಎಂದುಕೊಳ್ಳಿ. ಅವು ಸಾಮಾನ್ಯವಾಗಿ ಜೊತೆಯಾಗಿಯೇ ಸಾಗುತ್ತವೆ. ಅವುಗಳ ನಡುವೆ ಒಂದು ಅಡ್ಡಹಾಯ್ಕೆ ನಡೆದರೆ ಆ ಕೋಶದ ನಾಲ್ಕು ಉತ್ಪನ್ನಗಳು ನಾಲ್ಕು ಬಗೆಯವಾಗುತ್ತವೆ, ಎರಡು ಹಳೆಯ ಜೋಡಣೆಯವು, ಎರಡು ಹೊಸವು. ನಾಲ್ಕು ಕ್ರೊಮ್ಯಾಟಿಡ್‌ಗಳಲ್ಲಿ ಎರಡು ಮಾತ್ರ ಆ ವಿನಿಮಯದಲ್ಲಿ ಭಾಗವಹಿಸುತ್ತವೆ. ಪ್ರತಿ ಕೋಶದಲ್ಲಿಯೂ ಇದು ನಡೆದರೂ ಹೊಸ ಜೋಡಣೆಗಳ ಪಾಲು 50 ಪ್ರತಿಶತ ದಾಟದಿರುವುದು ಇದರಿಂದಲೇ.

ಇಲ್ಲಿಂದ ಇನ್ನೊಂದು ಸೂಕ್ಷ್ಮ ಹೊರಡುತ್ತದೆ. ಸೋದರಿ ಕ್ರೊಮ್ಯಾಟಿಡ್‌ಗಳು ಒಂದೇ ತೆರನಾದವು ಎಂಬ ಮಾತು ಅಡ್ಡಹಾಯ್ಕೆ ನಡೆಯುವವರೆಗೆ ಮಾತ್ರ ನಿಜ. ನಡೆದ ಮೇಲೆ ವಿನಿಮಯದ ಜಾಗದಿಂದ ವರ್ಣತಂತುವಿನ ತುದಿಯವರೆಗಿನ ಭಾಗದಲ್ಲಿ ಸೋದರಿಗಳಿಬ್ಬರಲ್ಲಿ ಬೇರೆ ಬೇರೆ ಅಲೀಲ್‌ಗಳಿರುತ್ತವೆ, ಹಾಗಾಗಿ ಆ ಜೀನ್‌ಗೆ ಸಂಬಂಧಿಸಿದ ಅಲೀಲ್‌ಗಳು ಬೇರೆಯಾಗುವುದು ಮೊದಲ ವಿಭಜನೆಯಲ್ಲಲ್ಲ, ಎರಡನೆಯದರಲ್ಲಿ. 'ಮೊದಲ ವಿಭಜನೆಯಲ್ಲಿ ಅಲೀಲ್‌ಗಳು ಬೇರೆಯಾಗುತ್ತವೆ' ಎಂಬ ವಾಕ್ಯ ಸೆಂಟ್ರೋಮಿಯರ್‌ಗೆ ಸಮೀಪದ ಜೀನ್‌ಗಳಿಗೆ ಬಹುಮಟ್ಟಿಗೆ ಸರಿ, ದೂರದವುಗಳಿಗೆ ಅಷ್ಟು ಸರಿಯಲ್ಲ. ನ್ಯೂರೋಸ್ಪೋರ ಶಿಲೀಂಧ್ರದ ಬೀಜಕಗಳು ಚೀಲದೊಳಗೆ ಸಾಲಾಗಿಯೇ ಉಳಿಯುವುದರಿಂದ ಅಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ತೊಗರಿ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದಿಂದ ಕಾಯಿ ಕಟ್ಟುತ್ತದೆ, ಜೇನುನೊಣಗಳ ಮೂಲಕ ಅಷ್ಟಿಷ್ಟು ಪರಕೀಯವೂ ನಡೆಯುತ್ತದೆ. ಎರಡೂ ಕಡೆಯ ಅಲೀಲ್‌ಗಳು ಒಂದೇ ಆಗಿದ್ದರೆ ಬೆರಕೆಗೆ ಏನೂ ಉಳಿಯುವುದಿಲ್ಲ. ಆಗ 2,048 ಎಂಬುದು ಕಾಗದದ ಲೆಕ್ಕವಾಗಿಯೇ ಉಳಿಯುತ್ತದೆ. ಮಿಯಾಸಿಸ್ ಹೊಸ ಅಲೀಲ್‌ಗಳನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ಹೊಸದಾಗಿ ಜೋಡಿಸುತ್ತದೆ. ಹೊಸ ಅಲೀಲ್ ಬರಬೇಕಾದರೆ ಉತ್ಪರಿವರ್ತನೆಯೇ ಆಗಬೇಕು.

ಕಮಲಾಪುರದ ಕೆಂಪು ಬಾಳೆಯಲ್ಲಿ ಬೀಜ ಏಕಿಲ್ಲ

ಮಿಯಾಸಿಸ್ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ. ಕೆಂಪು ಬಾಳೆ ತ್ರಿಗುಣಿತ. ಅದರಲ್ಲಿಯೂ ಮೂಲ ಸಂಖ್ಯೆ 11, ಆದರೆ ಪ್ರತಿಯೊಂದು ವರ್ಣತಂತುವಿನ ಮೂರು ಪ್ರತಿಗಳಿದ್ದು ಒಟ್ಟು 33 ಆಗುತ್ತದೆ. ಝೈಗೋಟೀನ್‌ನಲ್ಲಿ ಜೋಡಿಯಾಗಬೇಕಾದಾಗ ಎರಡು ಕೂಡಿದರೆ ಮೂರನೆಯದು ಒಂಟಿಯಾಗುತ್ತದೆ, ಇಲ್ಲವೇ ಮೂರೂ ಸೇರಿ ಗೊಂದಲವಾಗುತ್ತದೆ. ಅನಾಫೇಸ್‌ನಲ್ಲಿ ಹೆಚ್ಚುವರಿ ವರ್ಣತಂತು ಯಾವ ಧ್ರುವಕ್ಕೆ ಹೋಗಬೇಕೆಂಬುದಕ್ಕೆ ನಿಯಮವಿಲ್ಲ. 11 ಹೆಚ್ಚುವರಿಗಳೂ ಒಂದೇ ಕಡೆಗೆ ಸರಿದರೆ ಮಾತ್ರ ಸಮತೋಲದ ಲಿಂಗಾಣುಗಳು ಸಿಗುತ್ತವೆ. ಒಂದೊಂದಕ್ಕೂ ಅರ್ಧ ಸಾಧ್ಯತೆ ಎಂದು ಹಿಡಿದರೆ ಅದು 1,024ರಲ್ಲಿ ಒಂದು. ಉಳಿದವೆಲ್ಲ 12ರಿಂದ 21ರವರೆಗಿನ ಅಸ್ತವ್ಯಸ್ತ ಸಂಖ್ಯೆಗಳು, ಬಹುಪಾಲು ನಿಷ್ಫಲ. ಹಣ್ಣು ಮಾತ್ರ ಫಲೀಕರಣವಿಲ್ಲದೆಯೇ ಬೆಳೆಯುತ್ತದೆ, ಅದು ಬಾಳೆಯ ಬೇರೊಂದು ಗುಣ.

ಆದ್ದರಿಂದ ಬಾಳೆಯನ್ನು ಕಂದುಗಳಿಂದ ನೆಡುತ್ತಾರೆ, ಕಂದು ಬೆಳೆಯುವುದು ಮೈಟಾಸಿಸ್‌ನಿಂದ. ತೋಟದ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾಗಿರುತ್ತವೆ, ಒಂದಕ್ಕೆ ತಗುಲುವ ರೋಗವನ್ನು ತಡೆಯುವ ಶಕ್ತಿ ಪಕ್ಕದ್ದಕ್ಕೂ ಇರುವುದಿಲ್ಲ. ತೊಗರಿಯಲ್ಲಿ ಹಾಗಲ್ಲ, ಎರಡು ತಳಿಗಳನ್ನು ಸಂಕರಿಸಿ ಅದರ ಮುಂದಿನ ತಲೆಮಾರುಗಳಲ್ಲಿ ಬೇಕಾದ ಜೋಡಣೆಯನ್ನು ಆರಿಸಿಕೊಳ್ಳಲು ಬರುತ್ತದೆ. ಹೇಸರಗತ್ತೆಯ ಕಥೆಯೂ ಬಾಳೆಯದರ ಹತ್ತಿರದ್ದೇ: ಕುದುರೆಯ 32, ಕತ್ತೆಯ 31 ಸೇರಿ 63 ಆಗುತ್ತದೆ, ಅವು ಸರಿಯಾಗಿ ಜೋಡಿಯಾಗುವುದಿಲ್ಲ.

ಮನುಷ್ಯರಲ್ಲಿ

ಗಂಡಿನಲ್ಲಿ ಒಂದು ಪ್ರಾಥಮಿಕ ವೀರ್ಯಾಣು ಕೋಶದಿಂದ ನಾಲ್ಕು ವೀರ್ಯಾಣುಗಳು. ಹೆಣ್ಣಿನಲ್ಲಿ ಒಂದು ಅಂಡಾಣು, ಉಳಿದವು ನಶಿಸಿಹೋಗುವ ಪುಟ್ಟ ಧ್ರುವಕಾಯಗಳು. ಹೆಣ್ಣಿನ ಮಿಯಾಸಿಸ್ ಹುಟ್ಟುವ ಮುನ್ನವೇ ಆರಂಭವಾಗಿ ಮೊದಲ ಪ್ರೊಫೇಸ್‌ನ ಡಿಪ್ಲೋಟೀನ್‌ನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅಂಡೋತ್ಸರ್ಗದ ಹೊತ್ತಿಗೆ ಮೊದಲ ವಿಭಜನೆ ಮುಗಿದು, ಎರಡನೆಯ ಮೆಟಾಫೇಸ್‌ನಲ್ಲಿ ಮತ್ತೆ ನಿಂತು, ವೀರ್ಯಾಣು ಒಳಹೊಕ್ಕ ಮೇಲಷ್ಟೇ ಪೂರ್ಣಗೊಳ್ಳುತ್ತದೆ. ಅಷ್ಟು ಕಾಲ ಹಳತಾಗುವ ಕೊಹೆಸಿನ್ ಸಡಿಲವಾಗುವುದು, ತಾಯಿಯ ವಯಸ್ಸು ಹೆಚ್ಚಿದಂತೆ 21ನೆಯ ವರ್ಣತಂತು ಮೂರಿರುವ ಟ್ರೈಸೋಮಿ, ಅಂದರೆ ಡೌನ್ ಸಿಂಡ್ರೋಮ್ ಸಾಧ್ಯತೆ ಏರುವುದಕ್ಕೆ ಒಂದು ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ. ಒಂದು ಜೋಡಿ ಬೇರೆಯಾಗದಿರುವುದು ಮೊದಲ ವಿಭಜನೆಯಲ್ಲಾದರೆ ನಾಲ್ಕೂ ಉತ್ಪನ್ನಗಳು ತಪ್ಪು ಸಂಖ್ಯೆಯವು, ಎರಡು 24, ಎರಡು 22. ಎರಡನೆಯ ವಿಭಜನೆಯಲ್ಲಿ ಒಂದು ಕೋಶದಲ್ಲಿ ಮಾತ್ರ ಆದರೆ 24, 22, 23, 23.

ಜೋಳದ ಲೆಕ್ಕ

ಜೋಳದ ವರ್ಣತಂತುಗಳು 20. ಪರಾಗ ಮಾತೃಕೋಶವೊಂದು ಮೊದಲ ಮೆಟಾಫೇಸ್‌ನಲ್ಲಿದ್ದಾಗ ಅದರಲ್ಲಿ 10 ಬೈವೇಲೆಂಟ್ (ಸಮರೂಪಿ ಜೋಡಿ), 20 ಸೆಂಟ್ರೋಮಿಯರ್, 40 ಕ್ರೊಮ್ಯಾಟಿಡ್. ಇನ್ನು ತೆನೆಯೊಂದರಲ್ಲಿ 100 ಕಾಳು ಕಟ್ಟಲು ಕನಿಷ್ಠ ಎಷ್ಟು ಮಿಯಾಸಿಸ್ ಬೇಕು ಎಂದು ಕೇಳಿದರೆ, ಗಂಡು ಕಡೆಯ ಮತ್ತು ಹೆಣ್ಣು ಕಡೆಯ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಬೇಕು. 100 ಪರಾಗಕಣಗಳಿಗೆ 25 ಮಾತೃಕೋಶಗಳು ಸಾಕು, ಒಂದೊಂದರಿಂದ ನಾಲ್ಕು. ಹೆಣ್ಣು ಕಡೆ ಪ್ರತಿ ಮಾತೃಕೋಶದ ನಾಲ್ಕರಲ್ಲಿ ಮೂರು ನಶಿಸಿ ಒಂದೇ ಉಳಿಯುವುದರಿಂದ 100 ಬೇಕು. ಒಟ್ಟು 125. ಪರಾಗಕಣದೊಳಗೆ ಎರಡು ಗಂಡು ಲಿಂಗಾಣುಗಳಿರುತ್ತವಲ್ಲ ಎಂದು ಇದನ್ನು ಮತ್ತೆ ಅರ್ಧ ಮಾಡಬೇಡಿ. ಅವು ಮೈಟಾಸಿಸ್‌ನಿಂದ ಹುಟ್ಟಿದವು, ಎರಡೂ ಒಂದೇ ಕಾಳಿಗೆ ಖರ್ಚಾಗುತ್ತವೆ, ಒಂದು ಅಂಡಾಣುವಿಗೆ, ಇನ್ನೊಂದು 30 ವರ್ಣತಂತುಗಳ ಭ್ರೂಣಾಹಾರಕ್ಕೆ.