ಸಬ್ಸಿಡಿ ಯಂತ್ರಕ್ಕೆ, ಬ್ರೇಕ್ ಕೆಲಸಗಾರನಿಗೆ

ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಜನರಲ್ ಮೋಟರ್ಸ್ 2008ರಲ್ಲಿ ಕಾರು ಕಾರ್ಖಾನೆ ತೆರೆಯಿತು. 2017ರ ಕೊನೆಗೆ ದೇಶದೊಳಗಿನ ಮಾರಾಟ ನಿಲ್ಲಿಸಿತು. 2020ರ ಡಿಸೆಂಬರ್‌ನಲ್ಲಿ ರಫ್ತಿಗೆ ಕಾರು ಮಾಡುವುದನ್ನೂ ಬಿಟ್ಟಿತು. ಮರುವರ್ಷ ಸುಮಾರು 1,400 ಕೆಲಸಗಾರರ ಕೈಗೆ ಲೇ-ಆಫ್ ನೋಟಿಸ್ ಬಂತು. 2023ರಲ್ಲಿ ಹ್ಯುಂಡೈ ಆ ಜಾಗ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಒಪ್ಪಂದದಲ್ಲಿ ಇದ್ದದ್ದು ಜಮೀನು, ಕಟ್ಟಡ, ಕೆಲವು ಯಂತ್ರ. ಕೆಲಸಗಾರರು ಇರಲಿಲ್ಲ. ನಮ್ಮನ್ನೂ ತಗೊಳ್ಳಿ ಅಂತ ಅವರು ಉಪವಾಸ ಕೂತರು.

ಇದು ಒಂದು ಕಂಪನಿಯ ಕಲ್ಲೆದೆ ಅಂತ ಬೈದು ಸುಮ್ಮನಾಗಬಹುದು. ಆದರೆ ಕಾರ್ಖಾನೆಗಳಿಗೆ ಹಣ ಕೊಡುವ ಸರ್ಕಾರದ ಲೆಕ್ಕವೂ ಅರವತ್ತು ವರ್ಷಗಳಿಂದ ಇದೇ ಮೂರರ ಮೇಲೆ ನಿಂತಿದೆ: ಜಮೀನು, ಕಟ್ಟಡ, ಯಂತ್ರ.

ಮಹಾರಾಷ್ಟ್ರ ಕೈಗಾರಿಕೆಗಳಿಗೆ ರಿಯಾಯಿತಿ ಕೊಡುವ ಯೋಜನೆ ಶುರು ಮಾಡಿದ್ದು 1964ರಲ್ಲಿ. ಅದರ ಹೆಸರು ಪ್ಯಾಕೇಜ್ ಸ್ಕೀಮ್ ಆಫ್ ಇನ್ಸೆಂಟಿವ್ಸ್. ಎರಡು ವರ್ಷ ಮುಂಚೆ, 1962ರಲ್ಲಿ, ಕಾರ್ಖಾನೆಗಳಿಗೆ ಜಾಗ ಒದಗಿಸುವ ರಾಜ್ಯದ ನಿಗಮ ಎಂಐಡಿಸಿ ಹುಟ್ಟಿತ್ತು. ಮುಂಬೈ, ಠಾಣೆ, ಪುಣೆಯಲ್ಲೇ ಕಾರ್ಖಾನೆಗಳು ಗಿಜಿಗುಡುತ್ತಿವೆ, ಹಿಂದುಳಿದ ಜಿಲ್ಲೆಗಳಿಗೂ ಹೋಗಲಿ ಅನ್ನುವುದು ಉದ್ದೇಶ. ತಾಲೂಕುಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿದರು. ಹಿಂದುಳಿದಷ್ಟೂ ರಿಯಾಯಿತಿ ಜಾಸ್ತಿ. ಉದ್ದೇಶ ಒಳ್ಳೆಯದೇ. ಆದರೆ ರಿಯಾಯಿತಿಯ ಮಿತಿಯನ್ನು ಕಟ್ಟಿದ್ದು ಎಷ್ಟು ಬಂಡವಾಳ ಹಾಕಿದಿರಿ ಅನ್ನುವುದಕ್ಕೆ. ಉದ್ಯೋಗ ಅನ್ನುವ ಮಾತು ಪೀಠಿಕೆಯಲ್ಲಿ ಮೆರೆಯಿತು, ಲೆಕ್ಕದ ಕೋಷ್ಟಕದಲ್ಲಿ ಸೊರಗಿತು.

ಎಪ್ಪತ್ತು, ಎಂಬತ್ತರ ದಶಕದಲ್ಲಿ ಮುಖ್ಯ ರಿಯಾಯಿತಿ ಅಂದರೆ ಮಾರಾಟ ತೆರಿಗೆ ಮಾಫಿ, ಇಲ್ಲವೇ ಬಡ್ಡಿಯಿಲ್ಲದೆ ತಡವಾಗಿ ಕಟ್ಟುವ ಅವಕಾಶ. ಎಲ್ಲ ರಾಜ್ಯಗಳೂ ಇದೇ ಆಟ ಆಡಿದವು. ನೀನು ಏಳು ವರ್ಷ ಬಿಟ್ಟರೆ ನಾನು ಒಂಬತ್ತು ವರ್ಷ ಬಿಡುತ್ತೇನೆ ಅನ್ನುವಂಥ ಹರಾಜು. ಬೊಕ್ಕಸ ಬರಿದಾಗುತ್ತಿದೆ ಅಂತ ಹೊಳೆದ ಮೇಲೆ, 1999ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಗಳೆಲ್ಲ ಕೂತು 2000ದ ಜನವರಿಯಿಂದ ಇದನ್ನು ನಿಲ್ಲಿಸೋಣ ಅಂತ ಒಪ್ಪಿಕೊಂಡರು. ನಿಂತಿತೇ? ಮಾಫಿ ನಿಂತಿತು. ಅದರ ಬದಲು ಕಟ್ಟಿದ ತೆರಿಗೆಯನ್ನೇ ‘ಕೈಗಾರಿಕಾ ಉತ್ತೇಜನ ಸಬ್ಸಿಡಿ’ ಅಂತ ವಾಪಸ್ ಕೊಡುವ ಪದ್ಧತಿ ಬಂತು. ಮೊದಲು ಮಾರಾಟ ತೆರಿಗೆಯ ಜಾಗಕ್ಕೆ ಬಂದ ವ್ಯಾಟ್, 2017ರ ನಂತರ ರಾಜ್ಯದ ಪಾಲಿನ ಜಿಎಸ್‌ಟಿ. ಕೈ ಬದಲಾಯಿತು, ಜೇಬು ಅದೇ.

ಇನ್ನು ಮೆಗಾ ಪ್ರಾಜೆಕ್ಟ್. ನನ್ನ ಮಟ್ಟಿಗೆ ಇಡೀ ಕತೆಯ ಗಂಟು ಇಲ್ಲೇ ಇದೆ. ದೊಡ್ಡ ಹೂಡಿಕೆ ಬಂದರೆ ಮುಂದುವರಿದ ತಾಲೂಕಾದರೂ ಸರಿ, ಅದಕ್ಕೆ ಬೇರೆಯೇ ಪ್ಯಾಕೇಜ್. ಎಷ್ಟು ಕೊಡಬೇಕು ಅಂತ ಮಂತ್ರಾಲಯದ, ಅಂದರೆ ಮುಂಬೈ ಸಚಿವಾಲಯದ, ಉನ್ನತಾಧಿಕಾರ ಸಮಿತಿ ಕೂತು ನೋಡುತ್ತದೆ. 2007ರ ಯೋಜನೆಯಲ್ಲಿ ಮುಂದುವರಿದ ಪ್ರದೇಶಕ್ಕೆ ಇಟ್ಟ ಅಳತೆ ಹೀಗಿತ್ತು: 500 ಕೋಟಿಗಿಂತ ಹೆಚ್ಚು ಹೂಡಿಕೆ, ಅಥವಾ 1,000ಕ್ಕಿಂತ ಹೆಚ್ಚು ಜನಕ್ಕೆ ಉದ್ಯೋಗ. ಎರಡೂ ಬೇಕಿಲ್ಲ, ಒಂದಿದ್ದರೆ ಸಾಕು. ದುಡ್ಡು ಸುರಿದು ರೋಬೋ ತಂದು ನಿಲ್ಲಿಸಿದವನೂ ಮೆಗಾನೇ. ಇಂಥ ಷರತ್ತಿನಲ್ಲಿ ಕಂಪನಿ ಯಾವುದನ್ನು ಆರಿಸುತ್ತದೆ ಅಂತ ಊಹಿಸಲು ದೊಡ್ಡ ಓದು ಬೇಕಿಲ್ಲ ಅಲ್ವಾ?

ಒಂದು ರಾಜ್ಯದ ರಿಯಾಯಿತಿ ಇನ್ನೊಂದು ರಾಜ್ಯದ ಕೆಲಸಗಾರನಿಗೆ ಹೇಗೆ ತಟ್ಟುತ್ತದೆ ಅನ್ನುವುದನ್ನು ಪುಣೆ ಪಕ್ಕದ ಆಕುರ್ಡಿ ತೋರಿಸಿತು. ಪಿಂಪ್ರಿ-ಚಿಂಚವಾಡದ ಹಳಬರಿಗೆ ಇದು ನೆನಪಿದೆ. ಉತ್ತರಾಖಂಡಕ್ಕೆ ಕೇಂದ್ರ ಸರ್ಕಾರ 2003ರಲ್ಲಿ ಹತ್ತು ವರ್ಷ ಎಕ್ಸೈಸ್, ಅಂದರೆ ತಯಾರಾದ ಸರಕಿನ ಮೇಲಿನ ಕೇಂದ್ರದ ತೆರಿಗೆ, ಮಾಫಿ ಅಂತ ಘೋಷಿಸಿತು. 2007ರಲ್ಲಿ ಬಜಾಜ್ ಆಟೋ ಅಲ್ಲಿನ ಪಂತ್‌ನಗರದಲ್ಲಿ ಹೊಸ ಕಾರ್ಖಾನೆ ಶುರು ಮಾಡಿತು. ಅದೇ ವರ್ಷ ಆಕುರ್ಡಿಯಲ್ಲಿ ಉತ್ಪಾದನೆ ನಿಲ್ಲಿಸಿತು. ಕೆಲಸಗಾರರಿಗೆ ಸಂಬಳ ಬರುತ್ತಿತ್ತು, ಕೆಲಸ ಇರಲಿಲ್ಲ. ಆಮೇಲೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ. ಎಕ್ಸೈಸ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಜಾಗದ ಖರ್ಚು, ಊರೊಳಗೆ ಬರುವ ಸರಕಿನ ಮೇಲಿನ ಜಕಾತಿ ಎಲ್ಲವೂ ಸೇರಿತ್ತು. ಆದರೆ ದೆಹಲಿಯಲ್ಲಿ ಮಾಫಿಯ ಆದೇಶ ಬರೆಯುವಾಗ ಆಕುರ್ಡಿಯ ಗೇಟು ಯಾರ ತಲೆಯಲ್ಲಿತ್ತು?

ಕೋರ್ಟುಗಳಲ್ಲಿ ಮಾತ್ರ ಉದ್ಯೋಗದ ಮಾತು ಕಂಪನಿಗಳಿಗೆ ಚೆನ್ನಾಗಿ ನೆನಪಿರುತ್ತಿತ್ತು. ಸಬ್ಸಿಡಿ ಆದಾಯವೇ, ಅದಕ್ಕೆ ತೆರಿಗೆ ಕಟ್ಟಬೇಕೇ ಅನ್ನುವ ಜಗಳ ದಶಕಗಟ್ಟಲೆ ನಡೆಯಿತು. ಯಾವ ಉದ್ದೇಶಕ್ಕೆ ಕೊಟ್ಟಿದ್ದು ಅಂತ ನೋಡಿ ತೀರ್ಮಾನಿಸಬೇಕು ಅನ್ನುವುದು ಕೋರ್ಟಿನ ಸೂತ್ರ. ಜಮ್ಮು-ಕಾಶ್ಮೀರದ ಕಾರ್ಖಾನೆಗಳ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್, ಇದು ನಿರುದ್ಯೋಗ ನೀಗಿಸಲು ಕೊಟ್ಟ ಹಣ, ಹಾಗಾಗಿ ಆದಾಯವಲ್ಲ ಅಂದಿತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುಣೆಯ ಒಂದು ಮಲ್ಟಿಪ್ಲೆಕ್ಸ್ ಪ್ರಕರಣ ತೀರ್ಮಾನಿಸುವಾಗ ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ ಕೇಂದ್ರ 2015ರಲ್ಲೇ ಕಾನೂನು ತಿದ್ದಿ ಇಂಥ ಸಬ್ಸಿಡಿಯನ್ನು ಆದಾಯಕ್ಕೆ ಸೇರಿಸಿತ್ತು. ಅಂತೂ ‘ಉದ್ಯೋಗಕ್ಕಾಗಿ ಕೊಟ್ಟ ಹಣ’ ಅನ್ನುವ ವಾದ ತೆರಿಗೆ ಉಳಿಸಲು ಕೆಲಸಕ್ಕೆ ಬಂತು. ಉದ್ಯೋಗ ಉಳಿಸಲು ಬಂದದ್ದನ್ನು ನಾನು ಕಂಡಿಲ್ಲ.

ಉತ್ಪಾದನೆಗೆ ತಕ್ಕಂತೆ ಉತ್ತೇಜನ ಹಣ ಕೊಡುವ ಕೇಂದ್ರದ ಈಗಿನ ಪಿಎಲ್‌ಐ ಯೋಜನೆಯ ಕತೆ ಚುಟುಕಾಗಿ ಹೇಳಬಹುದು. 2020ರಿಂದ ಬಂದದ್ದು, 14 ವಲಯ, ಸುಮಾರು 1.97 ಲಕ್ಷ ಕೋಟಿ ರೂಪಾಯಿ. ವಾಹನ ವಲಯಕ್ಕೇ 25,938 ಕೋಟಿ. ಇಲ್ಲಿ ಹಣ ಸಿಗುವುದು ಮಾರಾಟದ ಮೇಲೆ. ವಿದ್ಯುತ್ ಸ್ಕೂಟರ್ ಮಾಡುವ ಬೆಂಗಳೂರಿನ ಓಲಾ ಎಲೆಕ್ಟ್ರಿಕ್‌ಗೆ 2025ರ ಮಾರ್ಚ್‌ನಲ್ಲಿ 73.74 ಕೋಟಿ ಮಂಜೂರಾಯಿತು. ಅದೇ ತಿಂಗಳು ಸಾವಿರಕ್ಕೂ ಹೆಚ್ಚು ಜನರನ್ನು ಕಂಪನಿ ತೆಗೆಯುತ್ತಿದೆ ಅಂತ ಪತ್ರಿಕೆಗಳಲ್ಲಿ ಬಂತು. ಯೋಜನೆಯ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ.

ಇಷ್ಟೆಲ್ಲ ಹೇಳಿದ್ದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಕತೆ. ಪುಣೆ ಸುತ್ತಿನ ಭೋಸರಿ, ಚಾಕಣ್ ಕಡೆ ನಮ್ಮ ಇಂಡಿ, ಆಳಂದ, ಜತ್ತ, ಅಕ್ಕಲಕೋಟೆ ಕಡೆಯಿಂದ ಬಂದವರು ಬೇಕಾದಷ್ಟಿದ್ದಾರೆ. ಇವರಲ್ಲಿ ಬಹಳ ಜನ ದುಡಿಯುವುದು ದೊಡ್ಡ ಕಂಪನಿಯಲ್ಲಿ ಅಲ್ಲ, ಅದಕ್ಕೆ ಬಿಡಿಭಾಗ ಕೊಡುವ ವೆಂಡರ್ ಹತ್ತಿರ, ಅದೂ ಠೇಕೇದಾರನ (ಗುತ್ತಿಗೆದಾರನ) ಕೈಕೆಳಗೆ. ಮಹಾರಾಷ್ಟ್ರದ ರಿಯಾಯಿತಿ ಯೋಜನೆಯಲ್ಲಿ ಉದ್ಯೋಗದ ಬಗ್ಗೆ ಒಂದು ಷರತ್ತು ಇದ್ದೇ ಇದೆ: ಶೇ. 80ರಷ್ಟು ಕೆಲಸ ಸ್ಥಳೀಯರಿಗೆ. ಸ್ಥಳೀಯ ಅನ್ನಿಸಿಕೊಳ್ಳಲು ರಾಜ್ಯದಲ್ಲಿ 15 ವರ್ಷ ವಾಸ ಇರಬೇಕು. ಗಡಿ ದಾಟಿ ಬಂದವನಿಗೆ ಕಾಯಂ ಪಟ್ಟಿ ದೂರದ ಮಾತು. ಠೇಕೇದಾರನ ಪಟ್ಟಿಯಲ್ಲಿ ಅದನ್ನೆಲ್ಲ ಕೇಳುವವರು ಕಡಿಮೆ.

ನಮ್ಮ ಪಕ್ಕದ ಗಲ್ಲಿಯ ಇಂಡಿ ಕಡೆಯ ಹುಡುಗನೊಬ್ಬ ತಗಡು ಒತ್ತುವ ಪ್ರೆಸ್ ಶಾಪ್‌ನಲ್ಲಿ ಹೆಲ್ಪರ್. ಅವನ ಗೇಟ್ ಪಾಸ್ ನೋಡಿದೆ. ಮೇಲೆ ಠೇಕೇದಾರನ ಹೆಸರು, ಕೆಳಗೆ ಅವಧಿ ಮುಗಿಯುವ ತಾರೀಖು. ಕಂಪನಿ ಹೆಸರು ಎಲ್ಲೂ ಇಲ್ಲ. ಏಳನೇ ತಿಂಗಳಿಗೆ ಪಾಸ್ ವಾಪಸ್ ತಗೊಂಡರು. “ಬ್ರೇಕ್ ಕೊಟ್ಟಾರ್ರೀ ಅಣ್ಣಾ. ದೀಪಾವಳಿ ಆದಮ್ಯಾಲ ಕರೀತೀವಿ ಅಂದಾರ” ಅಂದ. ಏಳೇ ಯಾಕೆ? ಕಾರ್ಮಿಕ ಕಾನೂನಿನಲ್ಲಿ ಹನ್ನೆರಡು ತಿಂಗಳೊಳಗೆ 240 ದಿನ ದುಡಿದರೆ ನಿರಂತರ ಸೇವೆ ಅಂತ ಲೆಕ್ಕ. ಆಮೇಲೆ ತೆಗೆಯಬೇಕಾದರೆ ನೋಟಿಸ್, ಪರಿಹಾರ ಕೊಡಬೇಕು. ಅದಕ್ಕೆ ಮೊದಲೇ ಬ್ರೇಕ್. ಇಂಥವನ ಕೆಲಸ ಹೋದದ್ದು ಯಾವ ವಜಾ ಪಟ್ಟಿಯಲ್ಲೂ ಬರುವುದಿಲ್ಲ.

ಕಾಯಂ ಇದ್ದವರ ಬೇಲಿಯೂ ಸಡಿಲವಾಗಿದೆ. ದೊಡ್ಡ ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ 1976ರಲ್ಲಿ ಬಂತು, ಆಗ 300 ಕೆಲಸಗಾರರಿದ್ದ ಕಡೆಗೆ. ಎಂಬತ್ತರ ದಶಕದಲ್ಲಿ ಅದು 100ಕ್ಕೆ ಇಳಿಯಿತು. 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಮತ್ತೆ 300.

ಇದರ ನಡುವೆ ತಲೆ ಎಣಿಸಿ ಹಣ ಕೊಡುವ ಯೋಜನೆಯೂ ಬಂದಿದೆ ಅನ್ನಬೇಕು. 2025ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯ ಮೊತ್ತ 99,446 ಕೋಟಿ. ಹೊಸದಾಗಿ ಸೇರಿಸಿಕೊಂಡ ಪ್ರತಿಯೊಬ್ಬನಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಮಾಲೀಕನಿಗೆ ಸಿಗುತ್ತದೆ, ಎರಡು ವರ್ಷ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ಬಂಡವಾಳ ಬಿಟ್ಟು ಮನುಷ್ಯನ ಮೇಲೆ ಲೆಕ್ಕ ಹಾಕಿದ್ದು ಒಳ್ಳೆಯದೇ. ಷರತ್ತು ಏನಪ್ಪಾ ಅಂದರೆ, ಕನಿಷ್ಠ ಆರು ತಿಂಗಳು ಕೆಲಸದಲ್ಲಿ ಇಟ್ಟುಕೊಂಡಿರಬೇಕು. ಭೋಸರಿಯಲ್ಲಿ ಬ್ರೇಕ್ ಬರುವುದು ಏಳನೇ ತಿಂಗಳಿಗೆ.